ಅಮ್ಮನ ದಿನದ ನಿಮಿಷಗಳು

ಅಮ್ಮ ಹಿರಿಯರ ವಸತಿಗೆ ಸೇರಿದ ಎಂಟನೇ ತಿಂಗಳ ಬಿಲ್ ಎರಡು ಪುಟ ಇತ್ತು. ಅಲ್ಲಿಯವರೆಗೆ ಒಂದೇ ಪುಟ ಬರುತ್ತಿತ್ತು: ಕೋಣೆ, ಊಟ, ವಿದ್ಯುತ್ತು, ಕೆಳಗೆ ಮೊತ್ತ. ಎರಡನೇ ಪುಟದ ತಲೆಯ ಮೇಲೆ ‘ಹೆಚ್ಚುವರಿ ಆರೈಕೆ’ ಎಂದು ಅಚ್ಚಾಗಿತ್ತು. ಅದರ ಕೆಳಗೆ ನಾಲ್ಕು ಸಾಲು. ಔಷಧಿ ಕೊಡುವುದು 120 ಸಲ. ಸ್ನಾನಕ್ಕೆ ನೆರವು 12 ಸಲ. ಸಂಜೆ ವಾಕಿಂಗ್‌ಗೆ ಜೊತೆ 26 ಸಲ. ರಾತ್ರಿ ಬಂದು ನೋಡುವುದು 60 ಸಲ.

ಆ ಹಾಳೆಯನ್ನು ಹಿಡಿದುಕೊಂಡು ನಾನು ಮಾಡಿದ ಮೊದಲ ಕೆಲಸ ಫೋನ್. “ರಾತ್ರಿ ನೋಡೋದು ಬೇಡ, ತೆಗೆದುಬಿಡಿ” ಎಂದೆ. ಹಿಂದಿನ ತಿಂಗಳು ಅಮ್ಮನಿಗೆ ಮೂತ್ರದ ಸೋಂಕಾಗಿತ್ತು. ನಾಲ್ಕೈದು ದಿನ ಅವಳಿಗೆ ಹಗಲು ರಾತ್ರಿ ಗೊತ್ತಾಗಲಿಲ್ಲ, ಎದುರಿಗಿದ್ದ ನನ್ನನ್ನು ತನ್ನ ಅಕ್ಕ ಎಂದು ತಿಳಿದು ಮಾತಾಡಿಸಿದಳು. ವಯಸ್ಸಾದವರಲ್ಲಿ ಸೋಂಕು ಹೀಗೆ ದಿಢೀರನೆ ಬುದ್ಧಿ ಕಲಸಿಬಿಡುತ್ತದೆ ಎಂದು ಡಾಕ್ಟರ್ ಹೇಳಿದ್ದರು. ಆಗ ಶುರುವಾಗಿದ್ದ ರಾತ್ರಿ ಪಾಳಿ ಅದು. ಸೋಂಕು ಇಳಿದಿತ್ತು, ಅಮ್ಮ ಮೊದಲಿನಂತೆ ಮಾತಾಡುತ್ತಿದ್ದಳು. ಇನ್ನು ಯಾಕೆ ಅಂದುಕೊಂಡೆ. ಫೋನಿನಲ್ಲಿ ಎರಡು ನಿಮಿಷದ ಮಾತು, ಒಂದು ಸಾಲು ಅಳಿಸಿತು.

ಹತ್ತೊಂಬತ್ತು ದಿನಕ್ಕೆ ಅಮ್ಮ ಬೆಳಗಿನ ಜಾವ ಬಚ್ಚಲಿನ ಹೊಸ್ತಿಲಲ್ಲಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು.

ರಾತ್ರಿ ಯಾರಾದರೂ ಬಂದು ನೋಡುತ್ತಿದ್ದರೆ ಬೀಳುತ್ತಿರಲಿಲ್ಲವೇ? ಹೇಳಲಾಗದು. 65 ದಾಟಿದವರಲ್ಲಿ ನೂರಕ್ಕೆ 28ರಿಂದ 35 ಜನ ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ, 70 ದಾಟಿದರೆ ಅದು 32ರಿಂದ 42 ಎಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿಯಲ್ಲಿದೆ. ಎಷ್ಟೇ ಕಾವಲಿದ್ದರೂ ಬೀಳುವವರು ಬೀಳುತ್ತಾರೆ. ಆದರೆ ಆ ಸಾಲು ಏನು ಎಂದು ಒಂದು ಮಾತು ಕೇಳದೆ ತೆಗೆಸಿದವಳು ನಾನು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಆ ರಾತ್ರಿಯೆಲ್ಲ ಯೋಚಿಸಿದ್ದು ಇದೊಂದನ್ನೇ. ಮುಂದೆ ನಾನು ಹಾಕಿದ ಲೆಕ್ಕವೆಲ್ಲ ಅಲ್ಲಿಂದ ಹುಟ್ಟಿದ್ದು.

ಅಮ್ಮನನ್ನು ಸೇರಿಸುವಾಗ ನಾವು ಲೆಕ್ಕ ಹಾಕಿರಲಿಲ್ಲ ಎಂದಲ್ಲ. ಅಪ್ಪ ಹೋದ ಮೇಲೆ ಅವಳೇ ಆರಿಸಿಕೊಂಡ ಜಾಗ ಅದು. ಆಗ ಅವಳಿಗೆ 79. ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತಿದ್ದಳು. ನಾನೂ ತಮ್ಮನೂ ಕೂತು ಅವಳ ಪಿಂಚಣಿ, ಠೇವಣಿಯ ಬಡ್ಡಿ ಕೂಡಿಸಿದೆವು, ಬಾಡಿಗೆ ಕಳೆದೆವು, ಉಳಿಯಿತು. ಹಣದ ಮೊತ್ತ ಇಲ್ಲಿ ಮುಖ್ಯವಲ್ಲ, ಅಳತೆ ಹೇಳುತ್ತೇನೆ. ತಿಂಗಳ ಬಾಡಿಗೆಯನ್ನು 100 ಎಂದು ಇಟ್ಟುಕೊಂಡರೆ ಅಮ್ಮನ ವರಮಾನ 130. ಉಳಿತಾಯ 40 ತಿಂಗಳ ಬಾಡಿಗೆಯಷ್ಟು, ಅಂದರೆ 4,000. ತಿಂಗಳಿಗೆ 30 ಮಿಗುತ್ತದೆ, ಉಳಿತಾಯಕ್ಕೆ ಕೈ ಹಾಕುವ ಪ್ರಸಂಗವೇ ಬರದು ಎಂದು ಇಬ್ಬರೂ ನೆಮ್ಮದಿಯಾಗಿದ್ದೆವು. ಅಮ್ಮ ಇಂದು ಇರುವ ಹಾಗೆಯೇ ಎಂದೆಂದೂ ಇರುತ್ತಾಳೆ ಎಂದು ಆ ಲೆಕ್ಕ ನಂಬಿತ್ತು. ನಾವೂ ನಂಬಿದ್ದೆವು, ನಂಬಬೇಕೆನಿಸಿತ್ತು.

ಎಂಟನೇ ತಿಂಗಳಲ್ಲಿ ಬಂದ ಎರಡನೇ ಪುಟದ ಮೊತ್ತ 22. ಕೈ ಮುರಿದ ಮೇಲೆ ಅದು 64 ಆಯಿತು. ಬಲಗೈ ಪ್ಲಾಸ್ಟರಿನಲ್ಲಿದ್ದರೆ ವಾಕರ್ ಹಿಡಿಯಲಾಗದು, ಬಟ್ಟೆ ಹಾಕಿಕೊಳ್ಳಲಾಗದು, ತುತ್ತು ಎತ್ತಲಾಗದು. ಒಂದೇ ಎಲುಬು ಮುರಿದದ್ದಕ್ಕೆ ದಿನದ ಪ್ರತಿಯೊಂದು ಕೆಲಸಕ್ಕೂ ಇನ್ನೊಬ್ಬರ ಕೈ ಬೇಕಾಯಿತು. ಬಾಡಿಗೆ ಸೇರಿ 164, ವರಮಾನ 130. ಮೊದಲ ಸಲ ಠೇವಣಿ ಮುರಿದೆವು.

ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು. ಬೆರಳಿನ ವ್ಯಾಯಾಮ ಮಾಡಿಸಿದರು. ಅಮ್ಮ ತಾನೇ ಚಮಚ ಹಿಡಿದಳು, ರವಿಕೆಯ ಗುಂಡಿ ಹಾಕಿಕೊಂಡಳು. ಮುಂದಿನ ತಿಂಗಳ ಬಿಲ್ ಬಂತು: 64. ಅದರ ಮುಂದಿನದೂ 64. ಯಾರೂ ಮೋಸ ಮಾಡಿರಲಿಲ್ಲ. ಬಿದ್ದ ದಿನ ನರ್ಸ್ ಬಂದು ನೋಡಿ, ನೆರವು ಏರಿಸಿ ಬರೆದಿದ್ದರು. ಕೈ ಸರಿಹೋದ ದಿನ ಯಾರೂ ಬಂದು ಇಳಿಸಿ ಬರೆಯಲಿಲ್ಲ. ಏರುವುದಕ್ಕೆ ಒಂದು ಘಟನೆ ಇರುತ್ತದೆ, ಆಂಬುಲೆನ್ಸ್ ಇರುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಚೇತರಿಕೆ ಸದ್ದಿಲ್ಲದೆ ಆಗುತ್ತದೆ. ಅದನ್ನು ಯಾರಾದರೂ ಹೋಗಿ ಹೇಳಬೇಕು.

ಹೇಳಲು ಹೋದೆ. ಈ ಸಲ ಫೋನ್ ಮಾಡಲಿಲ್ಲ. ಹಿರಿಯ ನರ್ಸ್ ಒಬ್ಬರು ಆರೈಕೆಯ ಉಸ್ತುವಾರಿ ನೋಡುತ್ತಿದ್ದರು, ಅವರ ಸಮಯ ಕೇಳಿಕೊಂಡು ಎದುರಿಗೆ ಕೂತೆ. ದರಪಟ್ಟಿ ಕೊಡಿ ಎಂದೆ, ಅಮ್ಮನಿಗೆ ಎಷ್ಟು ನೆರವು ಬೇಕೆಂದು ಅಂಕ ಹಾಕಿದ ಹಾಳೆ ತೋರಿಸಿ ಎಂದೆ. ಅವರು ಬೇಸರಿಸಲಿಲ್ಲ. “ಮನೆಯವರು ಇದನ್ನ ಕೇಳೋದೇ ಕಡಿಮೆ ಮೇಡಂ, ಬಿಲ್ ಜಾಸ್ತಿ ಬಂತು ಅಂತ ಮಾತ್ರ ಕೇಳ್ತಾರೆ” ಎಂದರು.

ಆ ದಿನ ತಿಳಿದುಕೊಂಡದ್ದು: ಇಂಥ ಕಡೆ ಆರೈಕೆಗೆ ದರ ಕಟ್ಟುವ ಬಗೆ ಮೂರು. ಕೆಲವರು ಹಂತ ಮಾಡಿರುತ್ತಾರೆ, ಒಂದನೇ ಹಂತ, ಎರಡನೇ ಹಂತ ಎಂದು, ಹಂತಕ್ಕೊಂದು ಮೊತ್ತ. ಕೆಲವರು ಕೆಲಸಕ್ಕೆ ಇಷ್ಟು ಎಂದು ಬಿಡಿಬಿಡಿಯಾಗಿ ಎಣಿಸುತ್ತಾರೆ. ಇನ್ನು ಕೆಲವರು ದಿನಕ್ಕೆ ಎಷ್ಟು ನಿಮಿಷ ಬೇಕು ಎಂದು ಅಂದಾಜು ಮಾಡಿ ಅದನ್ನು ಅಂಕಕ್ಕೆ ತಿರುಗಿಸುತ್ತಾರೆ. ಹಂತದ ಲೆಕ್ಕದಲ್ಲಿ ತಿಂಗಳು ತಿಂಗಳು ಏರಿಳಿತ ಇರದು, ಆದರೆ ಒಂದು ಸಣ್ಣ ನೆರವು ಹೆಚ್ಚಾದರೂ ಇಡೀ ಮೆಟ್ಟಿಲು ಹತ್ತಿಸಿಬಿಡಬಹುದು. ಬಿಡಿ ಲೆಕ್ಕ ಮೊದಮೊದಲು ಅಗ್ಗ ಅನಿಸುತ್ತದೆ, ನೆರವು ಹೆಚ್ಚಿದಂತೆ ಹನಿ ಹನಿ ಸೇರಿ ಹಂತದ ಮೊತ್ತವನ್ನೂ ದಾಟುತ್ತದೆ. ಅಮ್ಮ ಇರುವಲ್ಲಿ ಬಿಡಿ ಲೆಕ್ಕ, ಅದರ ಬೆನ್ನಿಗೆ ನಿಮಿಷದ ಅಂದಾಜು. ಒಂದು ಮಿತಿ ದಾಟಿದ ಮೇಲೆ ಹಂತಕ್ಕೆ ಬದಲಾಯಿಸಿಕೊಳ್ಳಬಹುದು ಎಂಬುದು ದರಪಟ್ಟಿಯ ಹಿಂಬದಿಯಲ್ಲಿತ್ತು. ಅದನ್ನು ನಾನು ತಿರುಗಿಸಿಯೇ ನೋಡಿರಲಿಲ್ಲ.

ಅಂಕದ ಹಾಳೆಯ ಮೂಲವೂ ಕುತೂಹಲದ್ದು. ಸಿಡ್ನಿ ಕಾಟ್ಜ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು 1963ರಲ್ಲಿ ಒಂದು ಅಳತೆ ಪ್ರಕಟಿಸಿದರು. ಮನುಷ್ಯ ಸ್ವಂತವಾಗಿ ಬದುಕುತ್ತಿದ್ದಾನೆಯೇ ಎಂದು ನೋಡಲು ಆರು ಕೆಲಸ: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಉಣ್ಣುವುದು. 1965ರಲ್ಲಿ ಬಂದ ಬಾರ್ಥೆಲ್ ಸೂಚ್ಯಂಕ ಇದನ್ನೇ ಇನ್ನಷ್ಟು ಬಿಡಿಸಿ ಸೊನ್ನೆಯಿಂದ 100ರವರೆಗೆ ಅಂಕ ಕೊಡುತ್ತದೆ. ಅಮ್ಮನ ಹಾಳೆ ಆ ಸಂಸ್ಥೆಯವರೇ ಮಾಡಿಕೊಂಡದ್ದು, ಆದರೆ ಅದರ ಬೇರು ಇಲ್ಲೇ ಇತ್ತು. ಕಾಟ್ಜ್ ತಂಡ ಗಮನಿಸಿದ ಒಂದು ಮಾತು ನನ್ನ ತಲೆಯಲ್ಲಿ ಉಳಿಯಿತು. ಈ ಆರು ಶಕ್ತಿಗಳು ಹೋಗುವುದಕ್ಕೂ ಸಾಮಾನ್ಯವಾಗಿ ಒಂದು ಕ್ರಮವಿದೆ. ಮೊದಲು ಕೈಬಿಡುವುದು ಸ್ನಾನ, ಕೊನೆಯವರೆಗೆ ಉಳಿಯುವುದು ಉಣ್ಣುವುದು. ಕ್ರಮವಿದೆ ಎಂದಾದರೆ ಮುಂದಿನದನ್ನು ಸ್ವಲ್ಪವಾದರೂ ಊಹಿಸಬಹುದಲ್ಲ.

ಆದರೆ ಊಹೆಗೆ ಮುಂಚೆ ಇಂದಿನದು ಗೊತ್ತಿರಬೇಕಿತ್ತು. ಅಮ್ಮನ ಒಂದು ದಿನ ಹೇಗೆ ಸಾಗುತ್ತದೆ ಎಂದು ನನಗೆ ನಿಜಕ್ಕೂ ಗೊತ್ತಿರಲಿಲ್ಲ. ವಾರಕ್ಕೊಮ್ಮೆ ಹೋಗಿ ಎರಡು ಗಂಟೆ ಕೂತು ಬರುವವಳಿಗೆ ಏನು ಕಾಣುತ್ತದೆ? ಅನುಮತಿ ಕೇಳಿ ಮೂರು ಹಗಲು, ಎರಡು ರಾತ್ರಿ ಅವಳ ಕೋಣೆಯಲ್ಲೇ ಉಳಿದೆ. ಒಂದು ನೋಟ್‌ಬುಕ್, ಒಂದು ಗಡಿಯಾರ. ಯಾರಾದರೂ ಬಂದು ಏನಾದರೂ ಮಾಡಿದಾಗಲೆಲ್ಲ ಗಂಟೆ ಬರೆದುಕೊಂಡೆ.

ಬೆಳಿಗ್ಗೆ ಎಬ್ಬಿಸಿ ಬಚ್ಚಲಿಗೆ ಕರೆದೊಯ್ಯಲು 10 ನಿಮಿಷ. ಸ್ನಾನ 35. ಬಟ್ಟೆ, ತಲೆ ಬಾಚುವುದು 12. ಔಷಧಿ ನಾಲ್ಕು ಸಲ, ಸಲಕ್ಕೆ 3 ನಿಮಿಷ. ಊಟದ ಮನೆಗೆ ಮೂರು ಹೊತ್ತು ಜೊತೆ, ಹೊತ್ತಿಗೆ 5. ಸಂಜೆ ಹೊರಗೆ 20. ರಾತ್ರಿ ಎರಡು ಸಲ, ಸಲಕ್ಕೆ 6. ಸ್ನಾನವಿರುವ ದಿನ ಒಟ್ಟು 116 ನಿಮಿಷ. ಎಲ್ಲ ದಿನವೂ ಹೀಗೇ ಎಂದಿಟ್ಟುಕೊಂಡರೆ ತಿಂಗಳಿಗೆ 58 ಗಂಟೆ. ಇನ್ನೂ ತನ್ನ ಬಹುಪಾಲು ಕೆಲಸ ತಾನೇ ಮಾಡಿಕೊಳ್ಳುವ ಹೆಂಗಸಿನ ಲೆಕ್ಕ ಇದು.

ರಾತ್ರಿಯ ಆ ಎರಡು ಸಲವನ್ನು ನಾನು ಎಚ್ಚರವಾಗಿದ್ದು ನೋಡಿದೆ. ಒಂದೂ ನಲವತ್ತಕ್ಕೆ ಅಮ್ಮ ಎದ್ದಳು, ನಾಲ್ಕಕ್ಕೆ ಮತ್ತೆ ಎದ್ದಳು. ಬಿದ್ದ ಮೇಲೆ ರಾತ್ರಿ ಪಾಳಿ ಮತ್ತೆ ಶುರುವಾಗಿತ್ತು. ಕೇರ್‌ಟೇಕರ್ ಹುಡುಗಿ ಸರಿಯಾಗಿ ಅದೇ ಹೊತ್ತಿಗೆ ಬಾಗಿಲಲ್ಲಿದ್ದಳು. ಅಮ್ಮ ಏಳುವ ಹೊತ್ತು ಅವಳಿಗೆ ಗೊತ್ತಿತ್ತು. ಮಗಳಾದ ನನಗೆ ಗೊತ್ತಿರಲಿಲ್ಲ. ಸೋಂಕಿಗೂ ಮುಂಚಿನಿಂದ ಅಮ್ಮ ರಾತ್ರಿ ಎರಡು ಸಲ ಏಳುತ್ತಾಳಂತೆ. ಬೆಳಿಗ್ಗೆ “ಯಾಕಮ್ಮ ನನಗೆ ಹೇಳಲಿಲ್ಲ?” ಎಂದು ಕೇಳಿದೆ. “ಇದೆಲ್ಲ ಹೇಳೋ ವಿಷಯವಾ?” ಎಂದಳು.

ಸ್ನಾನದ ಬಗ್ಗೆ ಬರೆಯಲೇಬೇಕು. ಹಾಳೆಯಲ್ಲಿ ಸ್ನಾನಕ್ಕೆ 20 ನಿಮಿಷ ಹಾಕಿದ್ದರು. ಆಗುತ್ತಿದ್ದದ್ದು 35. ಸ್ನಾನ ಮಾಡಿಸುವ ಕೇರ್‌ಟೇಕರ್ ನೀರಿನ ಬಿಸಿ ಮೊದಲು ತನ್ನ ಕೈಗೆ ನೋಡಿಕೊಳ್ಳುತ್ತಾರೆ, ಟವೆಲ್ ಮುಚ್ಚಿಯೇ ಭಾಗ ಭಾಗವಾಗಿ ತೊಳೆಯುತ್ತಾರೆ, ಅಮ್ಮ ತಾನೇ ತೊಳೆದುಕೊಳ್ಳಬಲ್ಲ ಕಡೆ ಸೋಪು ಅವಳ ಕೈಗೇ ಕೊಟ್ಟು ಕಾಯುತ್ತಾರೆ. ಆ ಕಾಯುವುದಕ್ಕೇ ಹೊತ್ತು ಹಿಡಿಯುತ್ತದೆ. ತಾವೇ ಬಡಬಡ ತೊಳೆದು ಮುಗಿಸಿದರೆ 20 ನಿಮಿಷ ಸಾಕು. ಇನ್ನೊಬ್ಬರ ಮುಂದೆ ಬಟ್ಟೆ ಬಿಚ್ಚುವ ಸಂಕೋಚ ಅಮ್ಮನಿಗೆ ಎಷ್ಟಿತ್ತೆಂದು ನನಗೆ ಗೊತ್ತು. ಅವರ ಹತ್ತಿರ ಮಾತ್ರ ಅವಳು ಮುದುಡಿಕೊಳ್ಳುವುದಿಲ್ಲ.

ಇದನ್ನು ನರ್ಸ್‌ಗೆ ಹೇಳುವುದೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ಹೇಳಿದರೆ ಬಿಲ್ ಏರುತ್ತದೆ. ಹೇಳದಿದ್ದರೆ ಆ 15 ನಿಮಿಷ ಇನ್ನೊಬ್ಬ ಅಜ್ಜಿಯ ಪಾಲಿನಿಂದಲೋ, ಆ ಕೇರ್‌ಟೇಕರ್‌ನ ಬಿಡುವಿನಿಂದಲೋ ಬರುತ್ತಿರುತ್ತದೆ. ಕೆಲಸದ ಒತ್ತಡ ಹೆಚ್ಚಾದ ದಿನ ಮೊದಲು ಕಡಿತವಾಗುವುದೂ ಅದೇ. ಹೇಳಿದೆ. ಸ್ನಾನದ ಸಾಲು ಏರಿತು. ಅದಕ್ಕೆ ನನಗೆ ಒಂದು ದಿನವೂ ಬೇಸರವಾಗಿಲ್ಲ.

ಇಳಿದದ್ದು ಬೇರೆ ಕಡೆ. ಚಮಚ ಹಿಡಿಸುವುದು, ಬಟ್ಟೆ ಪೂರ್ತಿ ಹಾಕಿಸುವುದು, ಹಗಲು ಬಚ್ಚಲಿಗೆ ಪ್ರತಿಸಲ ಜೊತೆ ಹೋಗುವುದು, ಇವೆಲ್ಲ ಕೈ ಮುರಿದ ಕಾಲದವು. ನನ್ನ ನೋಟ್‌ಬುಕ್ ಇಟ್ಟುಕೊಂಡು ನರ್ಸ್ ಹೊಸದಾಗಿ ನೋಡಿ ತೆಗೆದುಹಾಕಿದರು. ಔಷಧಿಯದು ಇನ್ನೊಂದು ಕಥೆ. ಬಿಲ್ ಬೀಳುವುದು ಎಷ್ಟು ಮಾತ್ರೆ ಎಂಬುದಕ್ಕಲ್ಲ, ಎಷ್ಟು ಸಲ ಬಂದು ಕೊಟ್ಟರು ಎಂಬುದಕ್ಕೆ. ಅಮ್ಮನಿಗೆ ಏಳು ಮಾತ್ರೆ, ನಾಲ್ಕು ಹೊತ್ತು. ಬೇರೆ ಬೇರೆ ಡಾಕ್ಟರು ಬೇರೆ ಬೇರೆ ಕಾಲದಲ್ಲಿ ಬರೆದದ್ದು ಹಾಗೇ ಒಟ್ಟಾಗಿತ್ತು. ಎಲ್ಲ ಚೀಟಿಗಳನ್ನೂ ಅಮ್ಮನನ್ನು ನೋಡುವ ಡಾಕ್ಟರ ಮುಂದೆ ಹರಡಿ, ಹೊತ್ತು ಕಡಿಮೆ ಮಾಡಲು ಆಗುತ್ತದೆಯೇ ಎಂದು ಕೇಳಿದೆ. ಒಂದು ಮಾತ್ರೆ ಈಗ ಬೇಕೇ ಇಲ್ಲ ಎಂದು ನಿಲ್ಲಿಸಿದರು. ಒಂದನ್ನು ದಿನವಿಡೀ ಕೆಲಸ ಮಾಡುವ ಬಗೆಗೆ ಬದಲಾಯಿಸಿದರು. ಉಳಿದದ್ದು ಬೆಳಿಗ್ಗೆ, ರಾತ್ರಿ ಎರಡೇ ಹೊತ್ತಿಗೆ ಕೂತಿತು. ತಿಂಗಳಿಗೆ 120 ಇದ್ದದ್ದು 60 ಆಯಿತು. ಇದನ್ನು ಮನೆಯವರೇ ಮಾಡಿಬಿಡಬಾರದು. ಕೆಲವು ಮಾತ್ರೆಗಳನ್ನು ಇಂಥ ಹೊತ್ತಿಗೇ, ಇಷ್ಟು ಅಂತರದಲ್ಲೇ ಕೊಡಬೇಕಾಗುತ್ತದೆ. ಡಾಕ್ಟರಿಗೆ ಬಿಲ್‌ನ ವಿಷಯ ಗೊತ್ತಿರುವುದಿಲ್ಲ, ಕೇಳಬೇಕಷ್ಟೇ.

ಇಷ್ಟೆಲ್ಲ ಆದ ಮೇಲೆ ಎರಡನೇ ಪುಟದ ಮೊತ್ತ 30ಕ್ಕೆ ನಿಂತಿತು. ಬಾಡಿಗೆ ಸೇರಿ 130. ಅಮ್ಮನ ವರಮಾನವೂ 130. ತೂಗಿದ ತಕ್ಕಡಿಯ ಹಾಗೆ.

ತಮ್ಮ ಇರುವುದು ದೂರದಲ್ಲಿ, ಲೆಕ್ಕದ ಕೆಲಸವೇ ಅವನ ವೃತ್ತಿ. “ಇನ್ನು ಮುಂದಿನದನ್ನ ಹಾಕೋಣ ಅಕ್ಕ” ಎಂದ. ಒಂದು ಭಾನುವಾರ ಇಡೀ ಫೋನಿನಲ್ಲೇ ಕಳೆಯಿತು. ಕಾಟ್ಜ್‌ನ ಕ್ರಮವನ್ನೂ ದರಪಟ್ಟಿಯನ್ನೂ ಪಕ್ಕಪಕ್ಕ ಇಟ್ಟುಕೊಂಡು ನಾಲ್ಕು ಮೆಟ್ಟಿಲು ಮಾಡಿದೆವು. ಈಗಿನದು, ಆರೈಕೆ 30. ದಿನವೂ ಸ್ನಾನ, ಬಟ್ಟೆ, ಬಚ್ಚಲು ಎಲ್ಲಕ್ಕೂ ಕೈ ಬೇಕಾದಾಗ 55. ಗಾಲಿಕುರ್ಚಿಗೆ ಬಂದು, ಎತ್ತಿ ಕೂರಿಸಲು ಇಬ್ಬರು ಬೇಕಾದಾಗ 110. ಇಲ್ಲಿ ದುಪ್ಪಟ್ಟಾಗುವುದಕ್ಕೆ ಕಾರಣವೇ ಆ ‘ಇಬ್ಬರು’. ಪ್ರತಿ ನಿಮಿಷವೂ ಎರಡು ನಿಮಿಷ. ಹಾಸಿಗೆ ಹಿಡಿದಾಗ 170. ಮೈ ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದು, ಡೈಪರ್, ನಿಧಾನವಾಗಿ ತಿನ್ನಿಸುವುದು ಎಲ್ಲ ಸೇರಿ. ಮೊದಲ ಮೂರಕ್ಕೆ ಎರಡೆರಡು ವರ್ಷ, ಕೊನೆಯದಕ್ಕೆ ಒಂದು. ಇದನ್ನು ಬರೆಯುವಾಗ ನಮ್ಮಿಬ್ಬರ ದನಿಯೂ ಇಳಿದಿತ್ತು. ಅಮ್ಮನ ಕೊನೆಯ ವರ್ಷಕ್ಕೆ ಒಂದು ಕಾಲಂ ಹಾಕುತ್ತಿದ್ದೇವೆ ಎಂದು ಇಬ್ಬರಿಗೂ ಗೊತ್ತಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ದರ ಒಂದಿಷ್ಟೂ ಏರದಿದ್ದರೆ ಏಳು ವರ್ಷಕ್ಕೆ ಉಳಿತಾಯದಿಂದ ತೆಗೆಯಬೇಕಾದದ್ದು 4,200. ಇರುವುದು 4,000. “ಹೆಚ್ಚೂಕಡಿಮೆ ಸಾಲುತ್ತೆ” ಎಂದು ತಮ್ಮ ಉಸಿರು ಬಿಟ್ಟ. ಆಮೇಲೆ ಬಾಡಿಗೆಯೂ ಆರೈಕೆಯೂ ವರ್ಷಕ್ಕೆ ನೂರಕ್ಕೆ 6 ಏರುತ್ತದೆ, ಅಮ್ಮನ ವರಮಾನ ನೂರಕ್ಕೆ 2 ಎಂದು ಹಾಕಿದ. ಎರಡೂ ನಮ್ಮ ಅಂದಾಜು. 4,200 ಇದ್ದದ್ದು 7,070 ಆಯಿತು. ಆರನೇ ವರ್ಷದ ಹನ್ನೊಂದನೇ ತಿಂಗಳಿಗೆ ಉಳಿತಾಯ ಖಾಲಿ. ಅತ್ಯಂತ ಹೆಚ್ಚು ಆರೈಕೆ ಬೇಕಾದ ಏಳನೇ ವರ್ಷಕ್ಕೆ ಏನೂ ಇಲ್ಲ. ಇನ್ನೊಂದು ಪೆಟ್ಟು ಇತ್ತು. ಅಮ್ಮನ ವರಮಾನದಲ್ಲಿ ಠೇವಣಿಯ ಬಡ್ಡಿಯನ್ನೂ ಸೇರಿಸಿದ್ದೆವು. ಅಸಲು ತೆಗೆಯುತ್ತಾ ಹೋದರೆ ಬಡ್ಡಿಯೂ ಕರಗುತ್ತದೆ. ಅಂದರೆ ಖಾಲಿಯಾಗುವುದು ಇನ್ನೂ ಬೇಗ. ನನ್ನನ್ನು ಹೆದರಿಸಿದ್ದು ಮೊತ್ತವಲ್ಲ, ಅದು ಬೀಳುವ ಜಾಗ. ಮೊದಲ ನಾಲ್ಕು ವರ್ಷದಲ್ಲಿ ಉಳಿತಾಯದ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಹೋಗುತ್ತದಷ್ಟೇ. ಎಲ್ಲ ಸರಿಯಿದೆ ಎಂದೇ ಅನಿಸುತ್ತಿರುತ್ತದೆ. ಉಳಿದದ್ದೆಲ್ಲ ಕೊನೆಯಲ್ಲಿ ಒಮ್ಮೆಗೇ.

ಹೊರಗಿನಿಂದ ಒಬ್ಬರನ್ನು ಇಟ್ಟುಕೊಂಡರೆ ಅಗ್ಗವಾಗಬಹುದೇ ಎಂದೂ ನೋಡಿದೆವು. ಎರಡನೇ ಮೆಟ್ಟಿಲಿನವರೆಗೆ, ದಿನಕ್ಕೆ ಕೆಲವೇ ಗಂಟೆಗಾದರೆ ಲೆಕ್ಕ ಕೂಡುತ್ತದೆ. ಇಡೀ ದಿನಕ್ಕೆ ಎಂದರೆ ಕೂಡುವುದಿಲ್ಲ. ವಾರಕ್ಕೆ 168 ಗಂಟೆ. ಒಬ್ಬರು ವಾರಕ್ಕೆ 48 ಗಂಟೆ ದುಡಿದರೂ ಮೂರೂವರೆ ಜನ ಬೇಕು, ಅದರ ಮೇಲೆ ರಜೆ, ಕಾಯಿಲೆ. ಒಬ್ಬರೇ ಹಗಲು ರಾತ್ರಿ ಇರುತ್ತಾರೆ ಎಂದು ಯಾರಾದರೂ ಹೇಳಿದರೆ ಆ ಒಬ್ಬರು ಯಾವಾಗ ಮಲಗುತ್ತಾರೆ ಎಂದು ಕೇಳಬೇಕು.

ಈ ಹಾಳೆ ಇಟ್ಟುಕೊಂಡು ಕರಾರು ಪತ್ರ ಮತ್ತೆ ಓದಿದೆ. ಸೇರಿಸುವ ದಿನ ಸಹಿ ಹಾಕಿದ್ದೆ, ಓದಿದ್ದು ಈಗ. ದರ ಏರಿಸುವ ಮುನ್ನ ಎಷ್ಟು ದಿನ ಮೊದಲು ತಿಳಿಸುತ್ತಾರೆ ಎಂಬುದು ಬಾಡಿಗೆಗೆ ಇತ್ತು, ಆರೈಕೆಗೆ ಇರಲಿಲ್ಲ. ಆಸ್ಪತ್ರೆಯಲ್ಲಿದ್ದ ದಿನಗಳಿಗೆ ಬಾಡಿಗೆ ಕೊಡಲೇಬೇಕು, ಕೋಣೆ ಅವಳ ಹೆಸರಲ್ಲೇ ಇರುತ್ತದಲ್ಲ. ಆದರೆ ಆರೈಕೆಯ ಸಾಲು ಆ ದಿನಗಳಿಗೆ ಬೀಳಬಾರದು ಎಂದು ಅಲ್ಲೇ ಬರೆದಿತ್ತು. ಕೈ ಮುರಿದಾಗಿನ ಬಿಲ್ ತೆಗೆದು ನೋಡಿದರೆ ಆಸ್ಪತ್ರೆಯಲ್ಲಿ ಕಳೆದ ಐದು ದಿನಕ್ಕೂ ಔಷಧಿ ಕೊಟ್ಟದ್ದು ಸೇರಿತ್ತು. ತೋರಿಸಿದೆ, ಮುಂದಿನ ತಿಂಗಳು ಕಳೆದುಕೊಟ್ಟರು. ಮ್ಯಾನೇಜರ್‌ಗೆ ಒಂದು ಪತ್ರ ಬರೆದು ಮೂರು ವಿಷಯ ಕೇಳಿಕೊಂಡೆ. ಆರೈಕೆಯಲ್ಲಿ ಏನೇ ಬದಲಾದರೂ, ತುರ್ತು ಬಿಟ್ಟು, ಮೊದಲು ಬರಹದಲ್ಲಿ ತಿಳಿಸಬೇಕು. ತಾತ್ಕಾಲಿಕವಾಗಿ ಏರಿಸಿದ್ದಕ್ಕೆ ಮತ್ತೆ ಯಾವತ್ತು ನೋಡುತ್ತೇವೆ ಎಂಬ ತಾರೀಖು ಅಂದೇ ಹಾಕಬೇಕು. ಬಿಲ್‌ನಲ್ಲಿ ಈಗಿನ ಹಾಗೆ ಮುಂದೆಯೂ ಬಾಡಿಗೆ ಬೇರೆ, ಆರೈಕೆ ಬೇರೆ ತೋರಿಸಬೇಕು. ಈ ಕೊನೆಯದು ತೆರಿಗೆಗೂ ಬೇಕಾಗುತ್ತದೆ. ಆರೈಕೆಯ ಖರ್ಚನ್ನು ವೈದ್ಯಕೀಯ ಖರ್ಚೆಂದು ಪರಿಗಣಿಸುವ ದೇಶಗಳಿವೆ, ಅಲ್ಲಿ ಎರಡೂ ಒಂದೇ ಮೊತ್ತದಲ್ಲಿ ಬೆರೆತಿದ್ದರೆ ತೋರಿಸುವುದು ಕಷ್ಟ.

ಕೇಳಲು ಬಾಯಿ ಬಾರದ ಪ್ರಶ್ನೆ ಇನ್ನೊಂದಿತ್ತು. ಅಮ್ಮ ಯಾವ ಮೆಟ್ಟಿಲಿನವರೆಗೆ ಇಲ್ಲಿರಬಹುದು? ಕೇಳಿದೆ. ಇಬ್ಬರು ಎತ್ತಬೇಕಾದವರನ್ನೂ ಇಟ್ಟುಕೊಳ್ಳುತ್ತೇವೆ, ನಳಿಗೆಯಿಂದ ಆಹಾರ ಕೊಡಬೇಕಾದರೆ, ಎಲ್ಲಿಗೆ ಹೋಗುತ್ತಿದ್ದೇನೆಂದು ತಿಳಿಯದೆ ಹೊರಟುಬಿಡುವ ಹಾಗಾದರೆ ಇಲ್ಲಿ ಆಗದು ಎಂದು ಮ್ಯಾನೇಜರ್ ನೇರವಾಗಿ ಹೇಳಿದರು. ಹಾಗೆ ಹೇಳಿದ್ದಕ್ಕೆ ಅವರ ಮೇಲೆ ಗೌರವ ಬಂತು. ಸ್ಥಳ ಬದಲಾಯಿಸುವ ಖರ್ಚು, ಹೊಸ ಕಡೆಯ ಅಡ್ವಾನ್ಸ್, ಇಲ್ಲಿ ಬಿಡುವ ಮುನ್ನ ಕೊಡಬೇಕಾದ ನೋಟಿಸ್ ಅವಧಿಯ ಬಾಡಿಗೆ, ಇದಕ್ಕೆಲ್ಲ ನಾಲ್ಕು ತಿಂಗಳ ಬಾಡಿಗೆಯಷ್ಟು ಬೇರೆ ತೆಗೆದಿಟ್ಟೆವು. ಅದನ್ನು ಉಳಿತಾಯದ ಲೆಕ್ಕದಲ್ಲಿ ಈಗ ಎಣಿಸುವುದೇ ಇಲ್ಲ.

ಇಲ್ಲಿಯವರೆಗೆ ಎಲ್ಲವನ್ನೂ ನಾವಿಬ್ಬರೇ ಮಾಡಿದ್ದೆವು. ಹಣ ಅಮ್ಮನದು, ದಿನ ಅಮ್ಮನದು, ಅವಳನ್ನೇ ಕೇಳಿರಲಿಲ್ಲ. ತಮ್ಮ ರಜೆ ಹಾಕಿ ಬಂದ. ಮೂವರೂ ಅವಳ ಕೋಣೆಯಲ್ಲಿ ಕೂತೆವು. ಕೊನೆಯ ಎರಡು ಮೆಟ್ಟಿಲಿನ ಹಾಳೆ ತೋರಿಸುವುದು ಬೇಡ ಎಂದು ನಾವು ಮೊದಲೇ ಮಾತಾಡಿಕೊಂಡಿದ್ದೆವು. ಅಮ್ಮ ಕನ್ನಡಕ ಹಾಕಿಕೊಂಡು ಮೊದಲ ಹಾಳೆ ಓದಿ, “ಇದರ ಮುಂದಿಂದು ಎಲ್ಲೋ?” ಎಂದು ಅವನ ಕಡೆ ಕೈ ಚಾಚಿದಳು. ಕೊಟ್ಟ. ಓದಿದಳು. ತುಂಬ ಹೊತ್ತು ಓದಿದಳು.

“ನಿಮ್ಮಪ್ಪನ್ನ ನಾನು ಹನ್ನೊಂದು ತಿಂಗಳು ನೋಡಿಕೊಂಡಿದೀನಿ. ಇದೆಲ್ಲ ನಂಗೆ ಹೊಸದೇನಲ್ಲ” ಎಂದಳು.

ತಮ್ಮ ಒಂದು ಸಾಲು ತೋರಿಸಿದ. ಸಂಜೆ ವಾಕಿಂಗ್‌ಗೆ ಜೊತೆ, ದಿನಕ್ಕೆ 20 ನಿಮಿಷ. ಅದನ್ನು ವಾರಕ್ಕೆ ಎರಡು ದಿನ ಮಾಡಿದರೆ ವರ್ಷಕ್ಕೆ ಇಷ್ಟು ಉಳಿಯುತ್ತದೆ, ಕೊನೆಗೆ ಬೇಕಾಗುತ್ತದೆ ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅಮ್ಮ ಹಾಳೆ ಮಡಿಸಿದಳು. “ಅದೊಂದನ್ನ ಮುಟ್ಟಬೇಡ ಮಗಾ. ದಿನಾ ಸಂಜೆ ಹೊರಗೆ ಹೋಗಿ ಬರ್ತೀನಿ ಅನ್ನೋದಕ್ಕೇ ನಾನು ಬೆಳಿಗ್ಗೆ ಸೀರೆ ಉಡೋದು. ಬೇಕಾದ್ರೆ ಬಟ್ಟೆ ಒಗೆಯೋದಕ್ಕೆ ಕೊಡೋ ದುಡ್ಡು ಉಳಿಸು, ನಿನ್ನ ಅಕ್ಕ ವಾರಕ್ಕೊಮ್ಮೆ ಬರ್ತಾಳಲ್ಲ, ತಗೊಂಡು ಹೋಗ್ಲಿ.” ನಡಿಗೆ ನಿಂತರೆ ಕಾಲಿನ ಬಲ ಹೋಗುತ್ತದೆ, ಕಾಲಿನ ಬಲ ಹೋದರೆ ಮೂರನೇ ಮೆಟ್ಟಿಲು ಬೇಗ ಬರುತ್ತದೆ ಎಂದು ನಾನೂ ಸೇರಿಸಿದೆ. ಆದರೆ ಅಷ್ಟು ಕಾರಣ ಬೇಕಿರಲಿಲ್ಲ. ಅವಳ ಕಾರಣವೇ ಸಾಕಿತ್ತು.

ಈಗ ಬಟ್ಟೆ ನಾನು ತರುತ್ತೇನೆ. ಹೊರಗಿನಿಂದ ತಂದು ಕೊಡಬಹುದಾದ ವಸ್ತುಗಳನ್ನು, ಕೇಳಿ ಒಪ್ಪಿಸಿಕೊಂಡು, ನಾವೇ ತಂದುಕೊಡುತ್ತೇವೆ. ವಸತಿಯವರ ಮೂಲಕ ಕೊಂಡರೆ ಅದರ ಮೇಲೆ ಅವರ ನಿರ್ವಹಣೆಯ ಖರ್ಚೂ ಸೇರುತ್ತದೆ. ತಮ್ಮ ತಿಂಗಳಿಗೆ 10, ನಾನು 5 ಎಂದು ಒಂದು ಬೇರೆ ಖಾತೆಗೆ ಹಾಕುತ್ತೇವೆ. ಅದು ಅಮ್ಮನ ಹೆಸರಿನಲ್ಲಿದೆ, ಏಳನೇ ವರ್ಷಕ್ಕೆ. ಈ ತಿಂಗಳಿನಿಂದಲೇ ಹಾಕಲು ಶುರು ಮಾಡಿದರೆ ಆ ಹೊತ್ತಿಗೆ ಸಾವಿರದಷ್ಟು ಆಗುತ್ತದೆ, ಬಡ್ಡಿ ಬಿಟ್ಟು. ಪೂರ್ತಿ ಸಾಲದು. ಸಾಲದಿದ್ದರೆ ಅಪ್ಪ ಬಿಟ್ಟುಹೋದ ಮನೆಯನ್ನು ಮಾರುವುದು ಎಂದು ಬರೆದುಕೊಂಡಿದ್ದೇವೆ, ಯಾವ ವರ್ಷ ಅದರ ಮಾತೆತ್ತಬೇಕು ಎಂಬುದನ್ನೂ ಬರೆದಿದ್ದೇವೆ. ಅವಸರದಲ್ಲಿ ಮಾರಿದರೆ ಬೆಲೆ ಬರುವುದಿಲ್ಲ. ಐದನೇ ವರ್ಷದ ಶುರುವಿನಲ್ಲಿ, ಕೈಯಲ್ಲಿ ಇನ್ನೂ ಹಣವಿರುವಾಗಲೇ. ಆ ಸಾಲನ್ನು ಅಮ್ಮನೇ ಹೇಳಿ ಬರೆಸಿದ್ದು.

ಮೂರು ತಿಂಗಳಿಗೊಮ್ಮೆ ಒಂದು ಹಗಲು ಒಂದು ರಾತ್ರಿ ನಾನು ಅಲ್ಲೇ ಉಳಿಯುತ್ತೇನೆ, ನೋಟ್‌ಬುಕ್ ಜೊತೆ. ಬಿಲ್ ಬಂದ ದಿನ ಎರಡನೇ ಪುಟವನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಅವಳು ಪ್ರತಿ ಸಾಲಿಗೂ ಹ್ಞೂಂ ಎನ್ನುತ್ತಾಳೆ, ಇಲ್ಲವೇ ತಿದ್ದುತ್ತಾಳೆ. ನಿನ್ನೆಯೂ ಓದಿದೆ. ಔಷಧಿ 60, ಸರಿ. ಸ್ನಾನ 15, ಸರಿ. ವಾಕಿಂಗ್ 28, ಎರಡು ದಿನ ಮಳೆ ಇತ್ತು, ಸರಿ. ರಾತ್ರಿ 60 ಎಂದಾಗ ಅವಳು ಸುಮ್ಮನಾದಳು.

“ದಿನಕ್ಕೆ ಎರಡು ಸಲ ಅಂತ ಬರ್ದಿದಾರಾ?”

“ಹೌದಮ್ಮ, ಎರಡು.”

“ಈಗ ಒಂದು ವಾರದಿಂದ ಮೂರು ಸಲ ಏಳ್ತಿದೀನಿ ಕಣೇ. ನಡುವಿಂದು ಒಂದು ಸಲ ನಾನೇ ಹೋಗಿ ಬರ್ತೀನಿ, ಯಾರನ್ನೂ ಕರೆಯಲ್ಲ.”

ಎಷ್ಟು ಗಂಟೆಗೆ ಎಂದು ಕೇಳಿದೆ. ಮೂರರ ಹತ್ತಿರ ಇರಬಹುದು ಎಂದಳು. ನೋಟ್‌ಬುಕ್ ತೆಗೆದು ಬರೆದುಕೊಂಡೆ, ಕೋಣೆಯಿಂದ ಹೊರಗೆ ಬಂದು ನರ್ಸ್ ಇನ್ನೂ ಇದ್ದಾರೆಯೇ ಎಂದು ನೋಡಲು ಹೋದೆ.